ಮಂಗಳೂರಿನ ಅಳಿವೆಯಿಂದ ಕಡಲೂರಿನವರೆಗೆ: ಅಡ್ಮಿರಲ್ ಎಡ್ವರ್ಡ್ ಹ್ಯೂಸ್

ಪ್ರಶ್ನೆ: 1780ರಲ್ಲಿ ಮಂಗಳೂರಿನಲ್ಲಿ ಹೈದರಾಲಿಯ ಯುದ್ಧನೌಕೆಗಳನ್ನು ಇಂಗ್ಲಿಷರು ಸುಟ್ಟರು ಎಂಬುದು ನಮ್ಮ ಕರಾವಳಿಯ ಇತಿಹಾಸದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಆ ಕೆಲಸ ಮಾಡಿಸಿದ ಅಡ್ಮಿರಲ್ ಹ್ಯೂಸ್ ಯಾರು? ಮುಂದೆ ಫ್ರೆಂಚ್ ಸೇನಾನಿ ಸಫ್ರೆನನ ಎದುರು ಅವನು ಗೆದ್ದನೆಂದು ಕೆಲವರು, ಸೋತನೆಂದು ಕೆಲವರು ಹೇಳುತ್ತಾರೆ, ಯಾವುದು ಸರಿ? ಮಂಗಳೂರಿನಲ್ಲಿ ಆ ಕಾಲದ ಗುರುತೇನಾದರೂ ಉಳಿದಿದೆಯೇ?

ಉತ್ತರ: ನೀವು ಕೇಳಿರುವ ವ್ಯಕ್ತಿ ಸರ್ ಎಡ್ವರ್ಡ್ ಹ್ಯೂಸ್. ಅದೇ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಯಲ್ಲಿ ರಿಚರ್ಡ್ ಹ್ಯೂಸ್ ಎಂಬ ಇನ್ನೊಬ್ಬ ಅಡ್ಮಿರಲ್ ಇದ್ದನು. ವೆಸ್ಟ್ ಇಂಡೀಸಿನಲ್ಲಿ ತರುಣ ನೆಲ್ಸನ್ನನ ಮೇಲಧಿಕಾರಿಯಾಗಿದ್ದವನು ಅವನು. ಇಬ್ಬರನ್ನೂ ಒಬ್ಬನೇ ಎಂದು ತಿಳಿದು ಬರೆದದ್ದನ್ನು ನಾನು ಓದಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡಲಿಗೆ ಬಂದವನು ಎಡ್ವರ್ಡ್.

ಎಡ್ವರ್ಡ್ ಹ್ಯೂಸ್ ಹುಟ್ಟಿದ್ದು ಸುಮಾರು 1720ರಲ್ಲಿ. 1735ರಲ್ಲಿ, ಇನ್ನೂ ಹುಡುಗನಾಗಿರುವಾಗಲೇ, ನೌಕಾಪಡೆ ಸೇರಿದನು. 1739ರಲ್ಲಿ ಅಡ್ಮಿರಲ್ ವರ್ನನ್ ಸ್ಪೇನಿನವರಿಂದ ಪೋರ್ಟೊ ಬೆಲ್ಲೊ ಬಂದರನ್ನು ಕಿತ್ತುಕೊಂಡಾಗ ಅಲ್ಲಿದ್ದನು. ಮರುವರ್ಷ ಲೆಫ್ಟಿನೆಂಟ್ ಆದನು. 1744ರ ಟೂಲೋನ್ ಕದನವನ್ನು ಕಂಡನು. 1748ರಲ್ಲಿ ಕ್ಯಾಪ್ಟನ್ ಪದವಿಗೇರಿದನು. ಕೆನಡಾವನ್ನು ಫ್ರೆಂಚರಿಂದ ಗೆದ್ದ ಯುದ್ಧದಲ್ಲಿ ಅವನು ‘ಸಾಮರ್‌ಸೆಟ್’ ಎಂಬ ಹಡಗಿನ ಕ್ಯಾಪ್ಟನ್ನಾಗಿ 1758ರಲ್ಲಿ ಲೂಯಿಸ್‌ಬರ್ಗಿನಲ್ಲಿಯೂ 1759ರಲ್ಲಿ ಕ್ವಿಬೆಕ್ಕಿನಲ್ಲಿಯೂ ಇದ್ದನು. ಈ ಎಲ್ಲ ವರ್ಷಗಳಲ್ಲಿ ಅವನ ಹೆಸರು ಎಲ್ಲಿಯೂ ಎದ್ದು ಕಾಣುವುದಿಲ್ಲ. ದೊಡ್ಡ ಕದನಗಳಲ್ಲಿ ತನ್ನ ಪಾಲಿನ ಕೆಲಸವನ್ನು ಸರಿಯಾಗಿ ಮಾಡಿದ ಹಲವರಲ್ಲಿ ಅವನೂ ಒಬ್ಬ.

ಇಲ್ಲಿ ಆ ಕಾಲದ ಬಡ್ತಿಯ ಕ್ರಮವನ್ನು ತಿಳಿದುಕೊಂಡರೆ ಅವನ ವೃತ್ತಿಜೀವನ ಅರ್ಥವಾಗುತ್ತದೆ. ಬ್ರಿಟಿಷ್ ನೌಕಾಪಡೆಯಲ್ಲಿ ಒಮ್ಮೆ ಪೂರ್ಣ ಕ್ಯಾಪ್ಟನ್ ಆದವನ ಹೆಸರು ಜ್ಯೇಷ್ಠತೆಯ ಪಟ್ಟಿಗೆ ಸೇರುತ್ತಿತ್ತು. ಮೇಲಿನವರು ತೀರಿಕೊಂಡಂತೆ ಕೆಳಗಿನವರು ಒಂದೊಂದೇ ಮೆಟ್ಟಿಲು ಏರುತ್ತಿದ್ದರು. ಸುಮಾರು 28ನೇ ವಯಸ್ಸಿಗೆ ಆ ಪಟ್ಟಿ ಸೇರಿದ ಹ್ಯೂಸ್ 1778ರಲ್ಲಿ, ಅಂದರೆ 30 ವರ್ಷ ಕಾದ ಮೇಲೆ, ರಿಯರ್ ಅಡ್ಮಿರಲ್ ಆದನು. ಅಷ್ಟರಲ್ಲಿ 1773ರಿಂದ 1777ರವರೆಗೆ ಕಮೊಡೋರ್ (ಕ್ಯಾಪ್ಟನ್ನಿಗೂ ಅಡ್ಮಿರಲ್ಲನಿಗೂ ನಡುವಿನ ಅಧಿಕಾರಿ) ಆಗಿ ಹಿಂದೂ ಮಹಾಸಾಗರದ ಬ್ರಿಟಿಷ್ ನೌಕಾದಳದ ಮುಖ್ಯಸ್ಥನಾಗಿದ್ದು, ಮದರಾಸು, ಮುಂಬಯಿ, ಸಿಂಹಳಗಳ ಗಾಳಿ ನೀರು ಅವನಿಗೆ ಚೆನ್ನಾಗಿ ಪರಿಚಯವಾಗಿದ್ದವು. ಫ್ರಾನ್ಸಿನೊಡನೆ ಮತ್ತೆ ಯುದ್ಧ ಹತ್ತಿಕೊಂಡಾಗ ಅದೇ ಹುದ್ದೆಗೆ ಅವನನ್ನೇ ಮರಳಿ ಕಳುಹಿಸಿದ್ದು ಈ ಪರಿಚಯಕ್ಕಾಗಿ ಎಂದು ನಾನು ಭಾವಿಸುತ್ತೇನೆ. 1778ರಲ್ಲಿಯೇ ‘ಸರ್’ ಪದವಿ ದೊರೆಯಿತು. 1779ರಲ್ಲಿ ಇಂಗ್ಲೆಂಡಿನಿಂದ ಹೊರಟು, ದಾರಿಯಲ್ಲಿ ಆಫ್ರಿಕದ ಗೊರೆ ದ್ವೀಪವನ್ನು ವಶಪಡಿಸಿಕೊಂಡು, 1780ರ ಆರಂಭದ ಹೊತ್ತಿಗೆ ಮದರಾಸು ತಲುಪಿದನು. ಅವನ ಧ್ವಜನೌಕೆಯ ಹೆಸರು ‘ಸುಪರ್ಬ್’, 74 ಫಿರಂಗಿಗಳ ಹಡಗು.

ಅವನು ಬಂದ ವರ್ಷವೇ ಹೈದರಾಲಿ ಘಟ್ಟ ಇಳಿದು ಕರ್ನಾಟಕ್ ಎಂದು ಇಂಗ್ಲಿಷರು ಕರೆಯುತ್ತಿದ್ದ ತಮಿಳು ಸೀಮೆಗೆ ನುಗ್ಗಿದನು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಯ್ಲಿಯ ಪಡೆ ನುಚ್ಚುನೂರಾಯಿತು. ನೆಲದ ಮೇಲೆ ಮೈಸೂರನ್ನು ತಡೆಯುವುದು ಇಂಗ್ಲಿಷರಿಗೆ ಆಗದ ಕಾಲ ಅದು. ಆದರೆ ಹೈದರನ ಇನ್ನೊಂದು ಆಸೆ ಪಶ್ಚಿಮದ ಕಡಲಿನಲ್ಲಿ ನಿಧಾನವಾಗಿ ಬೆಳೆಯುತ್ತಿತ್ತು. 1763ರಲ್ಲಿ ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಕೈಯಲ್ಲಿದ್ದ ಕರಾವಳಿಯ ಬಂದರುಗಳು ಅವನ ಕೈಸೇರಿದ್ದವು. ಅಂದಿನಿಂದ ಅವನು ಹಡಗು ಕಟ್ಟಿಸತೊಡಗಿದ್ದನು. 1768ರಲ್ಲಿ ಮುಂಬಯಿಯ ಕಂಪನಿ ಪಡೆ ಮಂಗಳೂರಿನ ಮೇಲೆ ಬಿದ್ದು ಒಮ್ಮೆ ಆ ಪ್ರಯತ್ನವನ್ನು ಮುರಿದಿತ್ತು. ಟಿಪ್ಪು ಮಂಗಳೂರನ್ನು ಅದೇ ವರ್ಷ ಮರಳಿ ಪಡೆದ ಮೇಲೆ ಹಡಗು ಕಟ್ಟುವ ಕೆಲಸ ಮತ್ತೆ ಮೊದಲಿನಿಂದ ಆರಂಭವಾಗಿ, 1780ರ ವೇಳೆಗೆ ಒಂದು ಸಣ್ಣ ನೌಕಾದಳ ಎನ್ನಬಹುದಾದಷ್ಟು ರೂಪ ಪಡೆದಿತ್ತು.

ಮಂಗಳೂರಿನ ನೀರು ಕಂಡವರಿಗೆ ಮುಂದಿನದು ಸುಲಭವಾಗಿ ಕಣ್ಣಿಗೆ ಕಟ್ಟುತ್ತದೆ. ನೇತ್ರಾವತಿಯೂ ಗುರುಪುರ ಹೊಳೆಯೂ ಸೇರಿ ಕಡಲಿಗೆ ಬೀಳುವ ಜಾಗವನ್ನು ಅಲ್ಲಿನವರು ಅಳಿವೆ ಬಾಗಿಲು ಎನ್ನುತ್ತಾರೆ. ಹೊಳೆ ತರುವ ಮರಳು, ಕಡಲು ತಳ್ಳುವ ಮರಳು ಎರಡೂ ಅಲ್ಲಿ ಗುಡ್ಡೆ ಬೀಳುವುದರಿಂದ, ಮಚುವೆ ಮಂಜಿಗಳಂಥ ತಳ ಕಡಿಮೆ ಮುಳುಗುವ ಹಡಗುಗಳು ನೀರೇರಿದ ಹೊತ್ತು ನೋಡಿ ಒಳಗೆ ಬರಬಹುದಾಗಿತ್ತೇ ಹೊರತು, ‘ಸುಪರ್ಬ್’ನಂಥ ಹಡಗಿಗೆ ಅಳಿವೆ ದಾಟುವುದು ಸಾಧ್ಯವೇ ಇರಲಿಲ್ಲ. ಹೊರಗೆ ಬಯಲು ಕಡಲಿನಲ್ಲಿ ಲಂಗರು ಹಾಕಿ ನಿಲ್ಲುವುದೊಂದೇ ಅಂಥ ಹಡಗಿಗೆ ದಾರಿ. ಹೈದರನ ಹಡಗುಗಳಿಗೆ ಇದ್ದ ರಕ್ಷಣೆ ಈ ಆಳವಿಲ್ಲದ ನೀರು ಮತ್ತು ದಡದ ಮೇಲಿನ ಫಿರಂಗಿ.

1780ರ ಕೊನೆಯಲ್ಲಿ ಹ್ಯೂಸ್ ತನ್ನ ದಳದೊಡನೆ ಪೂರ್ವ ಕರಾವಳಿಯನ್ನು ಬಿಟ್ಟು ಮಲಬಾರಿನ ಉದ್ದಕ್ಕೂ ಮುಂಬಯಿಯ ಕಡೆಗೆ ಹೋಗುತ್ತಿದ್ದನು. ಡಿಸೆಂಬರ್ 8ರಂದು ಮಂಗಳೂರಿನ ಹೊರಗೆ ಹೈದರನ ಧ್ವಜ ಹಾರಿಸಿದ ಹಡಗುಗಳು ಲಂಗರಿನಲ್ಲಿರುವುದು ಕಂಡಿತು. ದೊಡ್ಡ ಹಡಗುಗಳು ಸಮೀಪಕ್ಕೆ ಹೋಗಲಾರವು ಎಂದು ಅರಿತ ಅವನು, ಕಂಪನಿಯ ಸಣ್ಣ ಸಶಸ್ತ್ರ ಹಡಗುಗಳನ್ನು ಮುಂದೆ ಬಿಟ್ಟು, ಅವುಗಳ ಫಿರಂಗಿಯ ಮರೆಯಲ್ಲಿ ತನ್ನ ಹಡಗುಗಳ ದೋಣಿಗಳಲ್ಲಿ ನಾವಿಕರನ್ನು ಕುಳ್ಳಿರಿಸಿ ಹುಟ್ಟು ಹಾಕಿಸಿ ಕಳುಹಿಸಿದನು. ದಡದಿಂದ ಗುಂಡು ಸುರಿಯುತ್ತಿರುವಾಗಲೇ ಅವರು ಹೋಗಿ ಹತ್ತಿಕೊಂಡು, 28 ಮತ್ತು 26 ಫಿರಂಗಿಗಳಿದ್ದ ಎರಡು ದೊಡ್ಡ ಹಡಗುಗಳನ್ನು ಸುಟ್ಟರು. ಉಳಿದ ಚಿಕ್ಕ ಹಡಗುಗಳಲ್ಲಿ ಕೆಲವು ನಾಶವಾದವು, ಕೆಲವು ಕೈಸೆರೆಯಾದವು, ಕೆಲವು ದಡಕ್ಕೆ ನುಗ್ಗಿ ಮರಳಿನಲ್ಲಿ ಸಿಕ್ಕಿಕೊಂಡವು. ಇದು ಎರಡು ನೌಕಾಪಡೆಗಳ ನಡುವಿನ ಕದನವೆನ್ನುವುದಕ್ಕಿಂತ ಲಂಗರಿನಲ್ಲಿದ್ದ ಹಡಗುಗಳ ಮೇಲಿನ ದೋಣಿ ದಾಳಿ ಎನ್ನುವುದು ಸರಿ. ಆದರೆ ವರ್ಷಗಟ್ಟಲೆ ಮರ ಕಡಿಸಿ, ಬಡಗಿಗಳನ್ನು ಕೂಡಿಸಿ ಕಟ್ಟಿದ್ದು ಅಷ್ಟರಲ್ಲಿ ಬೂದಿಯಾಯಿತು.

ಇದರ ಫಲ ಎಷ್ಟು ದೂರ ಹೋಯಿತು ಎಂಬುದನ್ನು ನಮ್ಮಲ್ಲಿ ಬರೆಯುವವರು ಸಾಕಷ್ಟು ಗಮನಿಸಿಲ್ಲ ಎಂಬ ಬೇಸರ ನನಗಿದೆ. ಆ ಹಡಗುಗಳು ಉಳಿದಿದ್ದರೂ ‘ಸುಪರ್ಬ್’ನ ಎದುರು ನಿಂತು ಕಾದಾಡುತ್ತಿರಲಿಲ್ಲ, ನಿಜ. ಆದರೆ ಮುಂಬಯಿಗೂ ಮದರಾಸಿಗೂ ನಡುವೆ ಓಡಾಡುವ ಅಕ್ಕಿ, ಮದ್ದುಗುಂಡು, ಹಣದ ಹಡಗುಗಳನ್ನು ಅವು ಕಾಡಬಹುದಾಗಿತ್ತು. ಅವು ಹೋದ ಮೇಲೆ ಕಡಲಿನ ವಿಷಯದಲ್ಲಿ ಹೈದರ್ ಪೂರ್ತಿಯಾಗಿ ಫ್ರೆಂಚರ ದಾರಿ ಕಾಯಬೇಕಾಯಿತು. ಅವನ ಕೊನೆಯ ದಿನಗಳಲ್ಲಿ ಪೂರ್ಣಯ್ಯನ ಮುಂದೆ ಆಡಿದನೆಂದು ಹೇಳುವ ಮಾತೊಂದು ಪ್ರಸಿದ್ಧವಾಗಿದೆ: ಎಷ್ಟು ಮಂದಿ ಬೇಯ್ಲಿಗಳನ್ನು ಸೋಲಿಸಿದರೂ ಇಂಗ್ಲಿಷರು ಅಳಿಯುವುದಿಲ್ಲ, ನೆಲದ ಮೇಲೆ ಅವರ ಸಂಪತ್ತನ್ನು ಹಾಳುಮಾಡಬಲ್ಲೆ, ಕಡಲನ್ನು ಮಾತ್ರ ಬತ್ತಿಸಲಾರೆ. ಆ ಬತ್ತದ ಕಡಲನ್ನು ಆ ವರ್ಷಗಳಲ್ಲಿ ಇಂಗ್ಲಿಷರಿಗಾಗಿ ಕಾಯುತ್ತಿದ್ದವನು ಹ್ಯೂಸ್.

ಕಾಯುವುದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಪೂರ್ವ ಕರಾವಳಿಯಲ್ಲಿ ಆಗ ದೊಡ್ಡ ಯುದ್ಧನೌಕೆಗಳಿಗೆ ಸುರಕ್ಷಿತವಾದ ಒಂದು ಬಂದರೂ ಇರಲಿಲ್ಲ. ಮದರಾಸಿನಲ್ಲಿ ಹಡಗುಗಳು ಬಯಲಿನಲ್ಲಿಯೇ ನಿಲ್ಲುತ್ತಿದ್ದವು. ಆಳೂ ಅಕ್ಕಿಯೂ ನೀರಿನ ಪೀಪಾಯಿಯೂ ನಾರಿನಿಂದ ಹೊಲಿದ ಮಸೂಲಾ ದೋಣಿಗಳಲ್ಲಿ ಅಲೆ ಸೀಳಿಕೊಂಡು ಹೋಗಬೇಕಿತ್ತು. ಅಕ್ಟೋಬರ್‌ನಲ್ಲಿ ಈಶಾನ್ಯ ಮಾರುತ ಎದ್ದರೆ ಅಲ್ಲಿ ನಿಲ್ಲುವುದೇ ಅಪಾಯ. ಯುದ್ಧನೌಕೆಯನ್ನು ನೀರಿನಿಂದ ತೆಗೆದು ತಳ ದುರಸ್ತಿ ಮಾಡುವ ಒಣ ಹಡಗುಕಟ್ಟೆ ಇದ್ದದ್ದು ಮುಂಬಯಿಯಲ್ಲಿ, ವಾಡಿಯಾ ಮನೆತನದ ಪಾರ್ಸಿ ಕುಶಲಿಗಳ ಕೈಯಲ್ಲಿ. ಆದ್ದರಿಂದ ಪೆಟ್ಟು ತಿಂದ ಹಡಗುಗಳನ್ನು ಸಿಂಹಳವನ್ನು ಸುತ್ತಿಸಿ ಮುಂಬಯಿಗೆ ಒಯ್ದು, ಮತ್ತೆ ಅದೇ ದಾರಿಯಲ್ಲಿ ತರಬೇಕಾಗಿತ್ತು. ಅವು ಆಚೆಗೆ ಹೋದಷ್ಟು ಕಾಲ ಮದರಾಸಿನ ಕಡಲು ಬರಿದು. ಈ ತೊಡಕನ್ನು ಬಿಡಿಸಲು ಹ್ಯೂಸ್ ಡಚ್ಚರ ನೆಲೆಗಳ ಮೇಲೆ ಕಣ್ಣಿಟ್ಟನು. 1781ರ ನವೆಂಬರ್‌ನಲ್ಲಿ ಹೆಕ್ಟರ್ ಮನ್ರೋನ ಪಡೆಯೊಡನೆ ನಾಗಪಟ್ಟಣವನ್ನೂ, 1782ರ ಜನವರಿಯಲ್ಲಿ ಸಿಂಹಳದ ಟ್ರಿಂಕೋಮಲಿಯನ್ನೂ ಹಿಡಿದನು. ಟ್ರಿಂಕೋಮಲಿ ಎಲ್ಲ ಗಾಳಿಗೂ ಮರೆಯಾದ ಆಳವಾದ ಬಂದರು. ಅವನ ಇಡೀ ಸೇವೆಯಲ್ಲಿ ಅತ್ಯಂತ ದೂರದೃಷ್ಟಿಯ ಕೆಲಸ ಇದೇ.

ಮುಂದಿನ ತಿಂಗಳಲ್ಲಿಯೇ ಸಫ್ರೆನ್ ಬಂದನು. ಫ್ರೆಂಚ್ ದಳದ ಮುಖ್ಯಸ್ಥ ದೋರ್ವ್ ದಾರಿಯಲ್ಲಿ ತೀರಿಕೊಂಡಿದ್ದರಿಂದ ಅಧಿಕಾರ ಅವನ ಕೈಗೆ ಬಂದಿತ್ತು. ಫೆಬ್ರವರಿ 15ರಂದು ಮದರಾಸಿನ ಮುಂದೆ ಬಂದು ನೋಡಿದಾಗ ಹ್ಯೂಸನ ಹಡಗುಗಳು ಕೋಟೆಯ ಫಿರಂಗಿಗಳ ಕೆಳಗೆ ಸಾಲಾಗಿ ನಿಂತಿದ್ದವು. ಅಲ್ಲಿ ಕೈಹಾಕುವುದು ಬೇಡವೆಂದು ಸಫ್ರೆನ್ ದಕ್ಷಿಣಕ್ಕೆ ತಿರುಗಿದನು. ಹ್ಯೂಸ್ ಕೋಟೆಯ ಆಸರೆಯಲ್ಲಿಯೇ ಉಳಿಯಬಹುದಾಗಿತ್ತು, ಆದರೆ ಬೆನ್ನಟ್ಟಿದನು. ಮರುದಿನ, ಯುದ್ಧನೌಕೆಗಳಿಂದ ಅಗಲಿದ್ದ ಫ್ರೆಂಚ್ ಸರಕು ಹಡಗುಗಳ ಮೇಲೆ ಬಿದ್ದು, ಸೈನಿಕರನ್ನೂ ಯುದ್ಧಸಾಮಗ್ರಿಯನ್ನೂ ಹೊತ್ತಿದ್ದ ‘ಲಾರಿಸ್ಟನ್’ ಸಹಿತ ಆರನ್ನು ಹಿಡಿದನು. ಹೈದರನ ಜೊತೆ ಸೇರಬೇಕಾಗಿದ್ದ ಪಡೆಯ ಒಂದು ಪಾಲು ಹೀಗೆ ನೆಲ ಮುಟ್ಟುವ ಮೊದಲೇ ಸೆರೆಯಾಯಿತು.

ಸಿಟ್ಟಿಗೆದ್ದು ಹಿಂತಿರುಗಿದ ಸಫ್ರೆನ್ ಫೆಬ್ರವರಿ 17ರಂದು ಸದ್ರಾಸಿನ ಹೊರಗೆ ಅವನನ್ನು ಹಿಡಿದನು. ಹ್ಯೂಸನ ಬಳಿ 9 ಹಡಗು, ಸಫ್ರೆನನ ಬಳಿ 12. ಅಂದಿನ ಯುದ್ಧನೌಕೆಯ ಫಿರಂಗಿಗಳೆಲ್ಲ ಎರಡು ಪಕ್ಕಗಳಲ್ಲಿ ಇರುತ್ತಿದ್ದುದರಿಂದ, ಹಡಗುಗಳು ಒಂದರ ಹಿಂದೊಂದು ಸಾಲುಗಟ್ಟಿ, ಎದುರಾಳಿಯ ಸಾಲಿಗೆ ಸಮಾಂತರವಾಗಿ ಸಾಗುತ್ತ ಗುಂಡು ಹಾರಿಸುವುದು ರೂಢಿ. ಸಫ್ರೆನ್ ಆ ರೂಢಿಯನ್ನು ಬಿಟ್ಟು, ಹ್ಯೂಸನ ಸಾಲಿನ ಹಿಂಭಾಗದ ಐದು ಹಡಗುಗಳ ಮೇಲೆ ಮಾತ್ರ ತನ್ನ ಬಲವನ್ನೆಲ್ಲ ಹಾಕಿದನು. ಗಾಳಿ ಕಡಿಮೆಯಿದ್ದುದರಿಂದ ಮುಂದಿನ ನಾಲ್ಕಕ್ಕೆ ತಿರುಗಿ ಬಂದು ನೆರವಾಗಲು ಆಗಲಿಲ್ಲ. ‘ಸುಪರ್ಬ್’ನ ನಡುಗೂವೆಯ ಅಡ್ಡಮರ ಚೂರಾಯಿತು, ಹಾಯಿ ತಿರುಗಿಸುವ ಹಗ್ಗಗಳೆಲ್ಲ ಹರಿದವು, ನೀರಿನ ಮಟ್ಟದ ಕೆಳಗೆ ಬಿದ್ದ ತೂತುಗಳಿಂದ ಹಡಗಿನ ಹೊಟ್ಟೆಯಲ್ಲಿ ಐದು ಅಡಿ ನೀರು ನಿಂತಿತು. ಅದರ ಕ್ಯಾಪ್ಟನ್ ಸತ್ತನು. ಸಾಲಿನ ಕೊನೆಯಲ್ಲಿದ್ದ ‘ಎಕ್ಸೆಟರ್’ನ ಸ್ಥಿತಿ ಇನ್ನೂ ಕೆಟ್ಟದ್ದು. ಅದೇ ಹಡಗಿನಲ್ಲಿದ್ದ ಕಮೊಡೋರ್ ರಿಚರ್ಡ್ ಕಿಂಗನ ಪಕ್ಕದಲ್ಲಿಯೇ ಅದರ ಕ್ಯಾಪ್ಟನ್ ಗುಂಡಿಗೆ ಬಲಿಯಾದನು. ಇನ್ನೇನು ಮಾಡುವುದೆಂದು ಹಡಗಿನ ಮಾಸ್ಟರ್ ಕೇಳಿದಾಗ, ಮುಳುಗುವತನಕ ಕಾದಾಡುವುದಲ್ಲದೆ ಬೇರೇನೂ ಇಲ್ಲ ಎಂದು ಕಿಂಗ್ ಉತ್ತರಿಸಿದನಂತೆ. ಸಂಜೆಗೆ ಗಾಳಿ ತಿರುಗಿ, ಕತ್ತಲಾಗಿ, ಕದನ ನಿಂತಿತು. ಯಾವ ಹಡಗೂ ಸೆರೆಯಾಗಲಿಲ್ಲ. ಸಫ್ರೆನನ ಕೆಲವು ಕ್ಯಾಪ್ಟನ್ನರು ಅವನ ಸೂಚನೆಯಂತೆ ಹತ್ತಿರಕ್ಕೆ ಬಾರದೆ ದೂರದಲ್ಲಿಯೇ ಉಳಿದದ್ದು ಹ್ಯೂಸನ ಪಾಲಿಗೆ ಒದಗಿದ ದೊಡ್ಡ ಅದೃಷ್ಟ.

ಏಪ್ರಿಲ್ 12ರಂದು ಸಿಂಹಳದ ಪೂರ್ವ ದಂಡೆಯ ಪ್ರೊವಿಡಿಯನ್ನಿನ ಬಳಿ ಮತ್ತೆ ಕದನ. ಟ್ರಿಂಕೋಮಲಿಗೆ ಸೈನಿಕರನ್ನೂ ಸರಕನ್ನೂ ಒಯ್ಯುತ್ತಿದ್ದ ಹ್ಯೂಸ್ ದಡಕ್ಕೆ ಅಂಟಿಕೊಂಡು ಸಾಗಿ, ಕಡಲಿನ ಕಡೆಯಿಂದ ಗಾಳಿ ಹೊತ್ತು ಬಂದ ಶತ್ರುವಿಗೂ ನೆಲಕ್ಕೂ ನಡುವೆ ಸಿಕ್ಕಿಬಿದ್ದನು. ಇದು ಅವನ ತಪ್ಪು. ಅಂದು ಇಂಗ್ಲಿಷರಲ್ಲಿ 137 ಮಂದಿ ಸತ್ತರು, 430 ಮಂದಿ ಗಾಯಗೊಂಡರು. ಐದು ಕದನಗಳಲ್ಲಿ ಅವನ ಕಡೆಯ ಸಾವು ಅತ್ಯಂತ ಹೆಚ್ಚಾದದ್ದು ಇಲ್ಲಿಯೇ. ಜುಲೈ 6ರಂದು ನಾಗಪಟ್ಟಣದ ಹೊರಗೆ ಅವನ ಸರದಿ ಬಂತು. ಗಾಳಿ ಅವನ ಕಡೆಗಿತ್ತು. ಎರಡೂ ಕಡೆ 11 ಹಡಗು. ಫ್ರೆಂಚರಲ್ಲಿ 178 ಮಂದಿ ಸತ್ತರೆ ಇಂಗ್ಲಿಷರಲ್ಲಿ 77. ಕದನದ ನಡುವೆ ‘ಸೆವೇರ್’ ಎಂಬ ಫ್ರೆಂಚ್ ಹಡಗು ಸೋಲೊಪ್ಪಿ ಧ್ವಜ ಇಳಿಸಿತು. ಆದರೆ ಅದರ ಅಧಿಕಾರಿಗಳು ತಮ್ಮ ಕ್ಯಾಪ್ಟನ್ನನ ಮಾತು ಮೀರಿ ಮತ್ತೆ ಧ್ವಜವೇರಿಸಿ ಕಾದಾಡಿದರು. ಆ ಹಡಗನ್ನು ಒಪ್ಪಿಸಬೇಕೆಂದು ಹ್ಯೂಸ್ ಮರುದಿನ ಕೇಳಿ ಕಳುಹಿಸಿದನು, ಸಫ್ರೆನ್ ಒಪ್ಪಲಿಲ್ಲ.

ಇಬ್ಬರ ನಡುವಿನ ವ್ಯತ್ಯಾಸ ನನಗೆ ಎದ್ದು ಕಾಣುವುದು ಈ ಕದನದ ನಂತರದ ಎಂಟು ವಾರಗಳಲ್ಲಿ. ಹೆಚ್ಚು ಪೆಟ್ಟು ತಿಂದಿದ್ದವನು ಸಫ್ರೆನ್. ಅವನು ಕಡಲೂರಿನಲ್ಲಿ ಮನೆಗಳ ತೊಲೆಗಳನ್ನೇ ಕೀಳಿಸಿ ಹಡಗುಗಳನ್ನು ದುರಸ್ತಿ ಮಾಡಿಸಿದನು, ಜುಲೈ ಕೊನೆಯಲ್ಲಿ ಹೈದರನನ್ನು ಖುದ್ದಾಗಿ ಕಂಡು ಮಾತನಾಡಿದನು, ಆಗಸ್ಟ್ 1ಕ್ಕೆ ಕಡಲಿಗಿಳಿದಿದ್ದನು. ಹ್ಯೂಸ್ ಮದರಾಸು ಬಿಟ್ಟದ್ದು ಆಗಸ್ಟ್ 20ರಂದು. ಅವನು ಸೆಪ್ಟೆಂಬರ್ 2ರಂದು ಟ್ರಿಂಕೋಮಲಿ ಮುಟ್ಟಿದಾಗ ಕೋಟೆಯ ಮೇಲೆ ಫ್ರೆಂಚ್ ಬಾವುಟ ಹಾರುತ್ತಿತ್ತು. ಮರುದಿನದ ಕದನದಲ್ಲಿ 12 ಹಡಗುಗಳಿಂದ 14 ಹಡಗುಗಳನ್ನು ಎದುರಿಸಿ ಸಫ್ರೆನನ ಧ್ವಜನೌಕೆಯ ನಡುಗೂವೆಯನ್ನು ಉರುಳಿಸಿದ್ದು ನಿಜವಾದರೂ, ಆ ಬಂದರು ಕೈತಪ್ಪಿದ ನಷ್ಟವನ್ನು ಅದು ತುಂಬಿಕೊಡಲಿಲ್ಲ. ಅವನ ವೃತ್ತಿಜೀವನದ ಅತ್ಯಂತ ದೊಡ್ಡ ಲೋಪ ಈ ವಿಳಂಬ. ಇದರಲ್ಲಿ ಅವನನ್ನು ಸಮರ್ಥಿಸಲು ನನಗೆ ಸಾಧ್ಯವಾಗುವುದಿಲ್ಲ.

ಬಂದರಿಲ್ಲದ ಮೇಲೆ ಮುಂಬಯಿಗೆ ಹೋಗದೆ ದಾರಿಯಿರಲಿಲ್ಲ. ಮದರಾಸಿನ ಗವರ್ನರ್ ಮೆಕಾರ್ಟ್ನಿ, ಹೈದರ್ ಒಂದು ಕಡೆ ಫ್ರೆಂಚರು ಇನ್ನೊಂದು ಕಡೆ ಇರುವಾಗ ಕರಾವಳಿಯನ್ನು ಬರಿದುಮಾಡಿ ಹೋಗಬಾರದೆಂದು ಪಟ್ಟು ಹಿಡಿದನು. ಅಕ್ಟೋಬರ್ ನಡುವಿನಲ್ಲಿ ಎದ್ದ ಬಿರುಗಾಳಿ ಈ ಜಗಳಕ್ಕೆ ತಾನೇ ತೀರ್ಪು ಕೊಟ್ಟಿತು: ಮದರಾಸಿನ ಮುಂದೆ ನಿಂತಿದ್ದ ಅಕ್ಕಿಯ ಹಡಗುಗಳು ಒಡೆದವು, ಊರಿನಲ್ಲಿ ಬರಗಾಲದ ಸಾವುಗಳಾದವು, ಚದುರಿಹೋದ ಹ್ಯೂಸನ ಹಡಗುಗಳು ಮುಂಬಯಿ ಸೇರಿದ್ದು ಡಿಸೆಂಬರ್‌ನಲ್ಲಿ. ಅದೇ ಡಿಸೆಂಬರ್ 7ರಂದು ಹೈದರಾಲಿ ತೀರಿಕೊಂಡನು.

ಐದನೆಯ ಕದನ 1783ರ ಜೂನ್ 20ರಂದು ಕಡಲೂರಿನ ಹೊರಗೆ ನಡೆಯಿತು. ಈ ಬಾರಿ ಹ್ಯೂಸನ ಬಳಿ 18 ಹಡಗು, ಸಫ್ರೆನನ ಬಳಿ 15. ಸಂಖ್ಯೆ ನೋಡಿ ಮೋಸಹೋಗಬಾರದು: ಇಂಗ್ಲಿಷ್ ಹಡಗುಗಳಲ್ಲಿ ಕುಡಿಯುವ ನೀರು ಮುಗಿಯುತ್ತ ಬಂದಿತ್ತು, ಸಾವಿರಕ್ಕೂ ಹೆಚ್ಚು ನಾವಿಕರು ಸ್ಕರ್ವಿಯಿಂದ ವಸಡು ಊದಿ, ಕೈಕಾಲು ಬಿದ್ದು ಮಲಗಿದ್ದರು. ಕದನ ಯಾರಿಗೂ ಒಲಿಯಲಿಲ್ಲ. ಆದರೆ ಹ್ಯೂಸ್ ನೀರಿಗಾಗಿ ಮದರಾಸಿಗೆ ಹಿಂತಿರುಗಿದ್ದರಿಂದ ಫ್ರೆಂಚರ ಕೈಯಲ್ಲಿದ್ದ ಕಡಲೂರನ್ನು ಮುತ್ತಿದ್ದ ಇಂಗ್ಲಿಷ್ ಸೇನೆ ಕಡಲಿನ ಆಸರೆಯಿಲ್ಲದೆ ಉಳಿಯಿತು. ಅದು ಅಪಾಯಕ್ಕೆ ಸಿಲುಕುವ ಮೊದಲೇ ಯೂರೋಪಿನಲ್ಲಿ ಜನವರಿಯಲ್ಲಿಯೇ ಸಂಧಿಯ ಕರಾರಾಗಿದೆ ಎಂಬ ಸುದ್ದಿ ಬಂತು. ಜೂನ್ 29ರಂದು ಶಾಂತಿಧ್ವಜ ಹೊತ್ತ ‘ಮಿಡಿಯಾ’ ಎಂಬ ಹಡಗು ಸಫ್ರೆನನಿಗೆ ಅದನ್ನು ತಿಳಿಸಿತು.

ಹಾಗಾದರೆ ಗೆದ್ದವರಾರು? ಸಫ್ರೆನ್ ಪ್ರತಿಭಾವಂತ, ಹ್ಯೂಸ್ ಅಲ್ಲ, ಇದರಲ್ಲಿ ಸಂಶಯವಿಲ್ಲ. ಐದು ಕದನಗಳಲ್ಲಿ ಒಂದರಲ್ಲಿಯೂ ಹ್ಯೂಸ್ ಹೊಸದೇನನ್ನೂ ಮಾಡಲಿಲ್ಲ. ಕಲಿತ ಸಾಲನ್ನು ಬಿಡದೆ ನಿಂತನು. ಆದರೆ ಸಫ್ರೆನ್ ಬಂದದ್ದು ಇಂಗ್ಲಿಷ್ ನೌಕಾದಳವನ್ನು ನಾಶಮಾಡಿ ಮದರಾಸನ್ನು ಕಡಲಿನಿಂದ ಕತ್ತರಿಸಲು. ಐದು ಕದನಗಳಲ್ಲಿ ಹ್ಯೂಸನ ಒಂದು ಹಡಗೂ ಅವನ ಕೈಗೆ ಸಿಗಲಿಲ್ಲ, ಮದರಾಸಿಗೆ ಬರುವ ದಾರಿ ಮುಚ್ಚಲಿಲ್ಲ. ಹ್ಯೂಸನ ಕೆಲಸ ಗೆಲ್ಲುವುದಾಗಿರಲಿಲ್ಲ, ಅಳಿಯದೆ ಉಳಿಯುವುದಾಗಿತ್ತು. ಅದನ್ನು ಅವನೂ, ಕೊನೆಯತನಕ ಸಾಲು ಬಿಡದ ಅವನ ಕ್ಯಾಪ್ಟನ್ನರೂ ಮಾಡಿದರು. ಆ ಅರ್ಥದಲ್ಲಿ ನಷ್ಟವಾದದ್ದು ಫ್ರಾನ್ಸಿಗಿಂತ ಹೆಚ್ಚಾಗಿ ಮೈಸೂರಿಗೆ.

‘ಸುಪರ್ಬ್’ ಶತ್ರುವಿನ ಕೈಯಲ್ಲಿ ಸಾಯಲಿಲ್ಲ. ಯುದ್ಧ ಮುಗಿದ ಮೇಲೆ 1783ರ ನವೆಂಬರ್‌ನಲ್ಲಿ ತಲಚೇರಿಯ ಹೊರಗೆ ಒಡೆದುಹೋಯಿತು. ಹ್ಯೂಸ್ 1785ರಲ್ಲಿ ಇಂಗ್ಲೆಂಡಿಗೆ ಮರಳಿದನು; ಮತ್ತೆ ಕಡಲಿಗಿಳಿಯಲಿಲ್ಲ. ಸೆರೆಸಿಕ್ಕ ಹಡಗು ಮತ್ತು ಸರಕಿನ ಬೆಲೆಯಲ್ಲಿ ಎಂಟನೆಯ ಒಂದು ಪಾಲು ದಳದ ಮುಖ್ಯಸ್ಥನಿಗೆ ಸಲ್ಲುತ್ತಿದ್ದ ಕಾಲವದು. ಭಾರತದಿಂದ ಅವನು ತಂದ ಸಂಪತ್ತು ಅಪಾರವಾಗಿತ್ತು. ಜೋಶುವಾ ರೆನಾಲ್ಡ್ಸ್ ಬರೆದ ಅವನ ಭಾವಚಿತ್ರ ಗ್ರಿನಿಚ್‌ನ ನೌಕಾ ಸಂಗ್ರಹದಲ್ಲಿದೆ. 1793ರಲ್ಲಿ ಜ್ಯೇಷ್ಠತೆಯ ಪಟ್ಟಿ ಅವನನ್ನು ಪೂರ್ಣ ಅಡ್ಮಿರಲ್ ಪದವಿಗೆ ಏರಿಸಿತು; ಮರುವರ್ಷ ಎಸೆಕ್ಸ್ ಸೀಮೆಯ ಲಕ್ಸ್‌ಬರೋದಲ್ಲಿದ್ದ ತನ್ನ ಮನೆಯಲ್ಲಿ ತೀರಿಕೊಂಡನು. ಸ್ವಂತ ಮಕ್ಕಳಿರಲಿಲ್ಲ. ಆಸ್ತಿ ಹೆಂಡತಿಯ ಮೊದಲ ಮದುವೆಯ ವಂಶಕ್ಕೆ ಹೋಗಿ, ‘ಗೋಲ್ಡನ್ ಬಾಲ್’ ಎಂದು ಲಂಡನ್ನಿನಲ್ಲಿ ಹೆಸರಾದ ಒಬ್ಬ ಶೋಕಿಲಾಲನ ಕೈಯಲ್ಲಿ ಕರಗಿತು.

ಕೊನೆಯದಾಗಿ ನಿಮ್ಮ ಮಂಗಳೂರಿನ ಪ್ರಶ್ನೆ. ಸುಟ್ಟ ಹಡಗುಗಳ ಗುರುತು ನೀರಿನಲ್ಲಿಯಾಗಲಿ ದಡದಲ್ಲಿಯಾಗಲಿ ನೋಡಲು ಸಿಗುವುದಿಲ್ಲ. ಆದರೆ ಬೋಳೂರಿನ ಸುಲ್ತಾನ್ ಬತ್ತೇರಿಗೆ ಹೋಗಿ. 1784ರಲ್ಲಿ, ಮಂಗಳೂರಿನ ಒಪ್ಪಂದವಾದ ವರ್ಷವೇ, ಗುರುಪುರ ಹೊಳೆಗೆ ಯುದ್ಧನೌಕೆಗಳು ನುಗ್ಗದಂತೆ ಟಿಪ್ಪು ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಬುರುಜು ಅದು. ಮೆಟ್ಟಿಲು ಹತ್ತಿ ಮೇಲೆ ನಿಂತು, ಗೋಡೆಯಲ್ಲಿ ಫಿರಂಗಿಗಾಗಿ ಬಿಟ್ಟ ಕಿಂಡಿಗಳಲ್ಲಿ ಒಂದರಿಂದ ನೋಡಿದರೆ ಕೆಳಗೆ ಹೊಳೆ, ಅದರಾಚೆ ಬೆಂಗ್ರೆಯ ಮರಳಿನ ಪಟ್ಟಿ, ಅದರಾಚೆ ಕಡಲು ಕಾಣುತ್ತದೆ. 1780ರಲ್ಲಿ ಹ್ಯೂಸನ ದೋಣಿಗಳು ಬಂದದ್ದು ಆ ಕಡಲಿನಿಂದ.